ಕುವೈತ್ ದುಡ್ಡು ಯಾರ ಕೈಗೆ ಹೋಗುತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ನಮ್ಮ ಹಾಸನ ಜಿಲ್ಲೆಯಿಂದ ಗಲ್ಫಿಗೆ ಹೋಗೋ ಹುಡುಗ್ರ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ, ಕುವೈತ್‌ನಲ್ಲಿ ಒಂದು ಕಾಂಟ್ರಾಕ್ಟಿಂಗ್ ಕಂಪ್ನೀಲಿ ಅಕೌಂಟ್ಸ್ ನೋಡ್ಕೊಂಡಿದ್ದೆ ಅಂತಾನೂ ಹೇಳಿದ್ದೆ. ಅಷ್ಟಕ್ಕೇ ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು ಎಲ್ಲಾ ಕಡೆಯಿಂದ ಪ್ರಶ್ನೆ ಬಂದಿವೆ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಕುವೈತಿಗೇ ಕೊಟ್ಟಿದೀನಿ.

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟ, ಈಗ ಟಿಟಿ ಓಡಿಸ್ತಾನೆ. ಹಾಸನದ ಒಬ್ಬ ಏಜೆಂಟು ಕುವೈತ್‌ನಲ್ಲಿ ಮನೆ ಡ್ರೈವರ್ ಕೆಲ್ಸ, 120 ದಿನಾರ್ ಸಂಬಳ, ಊಟ ರೂಮು ಫ್ರೀ ಅಂತ ಹೇಳಿ 1,40,000 ಕೇಳ್ತಿದಾನೆ. ಮಗ ಚಿನ್ನ ಅಡ ಇಟ್ಟಾದ್ರೂ ಹೋಗ್ತೀನಿ ಅಂತ ಕೂತಿದಾನೆ. ಕಳಿಸ್ಬೋದಾ? (ಓದುಗರೊಬ್ಬರು, ಬೇಲೂರು)

ಉತ್ತರ: ಅಕ್ಕಾ, ಚಿನ್ನ ಅಡ ಇಡೋಕೆ ಮುಂಚೆ ಆ ಏಜೆಂಟ್ ಹತ್ರ ಎರಡು ಕಾಗದ ಕೇಳಿ, ಒಂದು ವೀಸಾ ಕಾಪಿ, ಇನ್ನೊಂದು ಕೆಲ್ಸದ ಕಾಂಟ್ರಾಕ್ಟು. ಬಾಯಲ್ಲಿ ಹೇಳಿದ್ದು ಅಲ್ಲಿ ಯಾವ ಲೆಕ್ಕಕ್ಕೂ ಬರಲ್ಲ. ಮನೆ ಡ್ರೈವರ್, ಅಡುಗೆಯವ್ರು, ಮಕ್ಕಳನ್ನ ನೋಡ್ಕೊಳೋರು ಇವರಿಗೆಲ್ಲ ಕೊಡೋದು 20ನೇ ನಂಬರ್ ವೀಸಾ, ಕಂಪ್ನಿ ಕೆಲ್ಸದವರಿಗೆ 18ನೇ ನಂಬರ್. ಎರಡಕ್ಕೂ ಕಾನೂನೇ ಬೇರೆ ಬೇರೆ. ಕಂಪ್ನಿಯವರಿಗೆ 2010ರ ಕಾರ್ಮಿಕ ಕಾನೂನು, ದಿನಕ್ಕೆ 8 ಗಂಟೆ ವಾರಕ್ಕೆ 48 ಗಂಟೆ. ಮನೆ ಕೆಲ್ಸದವ್ರನ್ನ ಆ ಕಾನೂನಿಂದ ಹೊರಗೇ ಇಟ್ಟಿದ್ರು, ಆಮೇಲೆ 2015ರಲ್ಲಿ ಅವರಿಗೇ ಅಂತ ಒಂದು ಕಾನೂನು ಮಾಡಿದ್ರು, ಅದ್ರಲ್ಲಿ ದಿನಕ್ಕೆ ಹೆಚ್ಚಂದ್ರೆ 12 ಗಂಟೆ, ವಾರಕ್ಕೊಂದು ರಜಾ, ವರ್ಷಕ್ಕೆ 30 ದಿನ ಸಂಬಳದ ರಜಾ, ಕೆಲ್ಸ ಬಿಡುವಾಗ ವರ್ಷಕ್ಕೆ ಒಂದು ತಿಂಗಳ ಸಂಬಳದ ಲೆಕ್ಕದಲ್ಲಿ ಗ್ರಾಚುಟಿ ಇವೆಲ್ಲ ಇದೆ. ಗಲ್ಫಲ್ಲಿ ಈ ಥರ ಕಾನೂನು ಬೇಗ ಮಾಡಿದ ದೇಶಗಳಲ್ಲಿ ಕುವೈತೂ ಒಂದು, ಅದನ್ನ ಒಪ್ಕೋಬೇಕು. ಆದ್ರೆ ಮನೆ ಕಾಂಪೌಂಡ್ ಒಳಗೆ ಎಷ್ಟು ಗಂಟೆ ದುಡಿಸ್ತಿದಾರೆ ಅಂತ ಹೋಗಿ ನೋಡೋರು ಯಾರು, ಅಲ್ಲೇ ಇರೋದು ಕಷ್ಟ. ಬೆಳಗ್ಗೆ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ರಾತ್ರಿ 12ಕ್ಕೆ ಮೇಡಮ್ಮನ್ನ ಮದ್ವೆ ಮನೆಯಿಂದ ಕರ್ಕೊಂಡು ಬರೋ ಡ್ರೈವರ್‌ಗಳು ಎಷ್ಟೋ ಜನ ಇದಾರೆ, ಸರ್ಕಾರಿ ಕಾಗದದ ಮೇಲೆ ಮಾತ್ರ ಅವರದ್ದೂ 12 ಗಂಟೆ.

ಇನ್ನು ದುಡ್ಡು. ಒಂದು ದಿನಾರಿಗೆ ನಮ್ಮ 270 ರೂಪಾಯಿಗಿಂತ ಜಾಸ್ತಿನೇ ಸಿಗುತ್ತೆ, ಅಂದ್ರೆ 120 ದಿನಾರ್ ಅಂದ್ರೆ ಹತ್ರಹತ್ರ 33,000. ಏಜೆಂಟ್ ಕೇಳ್ತಿರೋದು ನಾಲ್ಕು ತಿಂಗಳ ಸಂಬಳಕ್ಕಿಂತ ಜಾಸ್ತಿ ಆಯ್ತು, ಮೇಲೆ ಚಿನ್ನದ ಬಡ್ಡಿ ಬೇರೆ. ನಮ್ಮ ದೇಶದ ಕಾನೂನು ಪ್ರಕಾರ ಲೈಸೆನ್ಸ್ ಇರೋ ಏಜೆಂಟ್ 30,000 ರೂಪಾಯಿ, ಅದ್ರ ಮೇಲೆ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ಸರ್ವಿಸ್ ಚಾರ್ಜ್ ತಗೊಳೋ ಹಂಗೇ ಇಲ್ಲ, ತಗೊಂಡಿದ್ದಕ್ಕೆ ರಸೀದಿ ಕೊಡ್ಬೇಕು. ಇವನು 1,40,000 ಕೇಳ್ತಾನೆ ಅಂದ್ರೆ ಒಂದೋ ಲೈಸೆನ್ಸ್ ಇಲ್ಲ, ಇಲ್ಲಾ ಲೈಸೆನ್ಸ್ ಇರೋರ ಕೆಳಗೆ ಓಡಾಡೋ ಸಬ್ ಏಜೆಂಟ್, ಎರಡೂ ಅಪಾಯನೇ. ಲೈಸೆನ್ಸ್ ನಂಬರ್ ಕೇಳಿ, ಇಮೈಗ್ರೇಟ್ ಅನ್ನೋ ಕೇಂದ್ರ ಸರ್ಕಾರದ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಚೆಕ್ ಮಾಡ್ಬೋದು, ಪಕ್ಕದ ಮನೆ ಕಾಲೇಜ್ ಮಗೂಗೆ ಹೇಳಿದ್ರೂ ಐದು ನಿಮಿಷದಲ್ಲಿ ನೋಡಿ ಕೊಡುತ್ತೆ.

ಮಗ ಹತ್ತನೇ ಕ್ಲಾಸ್ ಪಾಸಾಗಿಲ್ಲ ಅಂತೀರಲ್ಲ, ಹಂಗಾದ್ರೆ ಅವನದ್ದು ಇಸಿಆರ್, ಅಂದ್ರೆ ಕೆಲವು ದೇಶಗಳಿಗೆ ಕೆಲ್ಸಕ್ಕೆ ಹೋಗೋಕೆ ಮುಂಚೆ ಸರ್ಕಾರದ ತಪಾಸಣೆ ಬೇಕಾದ ಪಾಸ್‌ಪೋರ್ಟ್. ಈ ಪಾಸ್‌ಪೋರ್ಟ್ ಇರೋರು ಕುವೈತಿಗೆ ಕೆಲ್ಸಕ್ಕೆ ಹೋಗೋಕೆ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಅನ್ನೋ ಕೇಂದ್ರ ಸರ್ಕಾರದ ಆಫೀಸಿನ ಕ್ಲಿಯರೆನ್ಸ್ ಬೇಕೇ ಬೇಕು. ಜನ ಇದನ್ನ ತಲೆನೋವು ಅನ್ಕೋತಾರೆ, ನಿಜವಾಗ್ಲೂ ನಿಮ್ಮ ಮಗನಿಗೆ ಇರೋ ದೊಡ್ಡ ರಕ್ಷಣೆನೇ ಅದು. ಕಾಂಟ್ರಾಕ್ಟ್ ಸರ್ಕಾರದ ಕಣ್ಣಿಗೆ ಬೀಳುತ್ತೆ, ಯಾವ ಮನೆಗೆ ಹೋದ ಅಂತ ದಾಖಲೆ ಇರುತ್ತೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ 10 ಲಕ್ಷದ ಇನ್ಶೂರೆನ್ಸ್ ಆಗುತ್ತೆ, ಅದಕ್ಕೆ ಕಟ್ಟೋದು ಕೆಲವು ನೂರು ರೂಪಾಯಿ ಅಷ್ಟೇ. ಏಜೆಂಟ್ ಏನಾದ್ರೂ "ಅದೆಲ್ಲ ಬೇಡ, ವಿಸಿಟ್ ವೀಸಾದಲ್ಲಿ ಹತ್ತಿಸ್ತೀನಿ, ಅಲ್ಲಿ ಹೋಗಿ ಚೇಂಜ್ ಮಾಡಿಸ್ಬೋದು" ಅಂದ್ರೆ ಅವತ್ತೇ ಅವನ ಸಹವಾಸ ಬಿಡಿ. "ಫ್ರೀ ವೀಸಾ", "ಆಜಾದ್ ವೀಸಾ" ಅಂತಾನೂ ಹೇಳ್ತಾರೆ, ಅಂದ್ರೆ ಯಾರದ್ದೋ ಹೆಸರಲ್ಲಿ ವೀಸಾ, ಕೆಲ್ಸ ಎಲ್ಲಿ ಬೇಕಾದ್ರೂ ಮಾಡ್ಕೋ ಅಂತ. ಕುವೈತ್ ಕಾನೂನಲ್ಲಿ ಅಂಥ ವೀಸಾನೇ ಇಲ್ಲ. ಸ್ಪಾನ್ಸರ್, ಅಂದ್ರೆ ವೀಸಾ ಕೊಟ್ಟ ಮಾಲೀಕನ್ನ ಬಿಟ್ಟು ಬೇರೆ ಕಡೆ ಕೆಲ್ಸ ಮಾಡ್ತಾ ಸಿಕ್ಕಿಬಿದ್ರೆ ಹಿಡಿದು ವಾಪಸ್ ಕಳಿಸ್ತಾರೆ, ಆಮೇಲೆ ಆ ದೇಶದ ಬಾಗಿಲು ಮುಚ್ಚಿದ ಹಾಗೇ.

ಮಗನಿಗೆ ಡ್ರೈವಿಂಗ್ ಚೆನ್ನಾಗ್ ಬರುತ್ತೆ ಅಂದ್ರೆ ಹೋಗೋದು ತಪ್ಪು ಅಂತ ನಾನು ಹೇಳಲ್ಲ. ಸರಿಯಾದ ದಾರೀಲಿ ಹೋಗಿ ಮನೆ ಕಟ್ಟಿ ತಂಗಿ ಮದ್ವೆ ಮಾಡಿ ವಾಪಸ್ ಬಂದವ್ರು ನಮ್ಮ ಜಿಲ್ಲೇಲೇ ಬೇಕಾದಷ್ಟು ಜನ ಇದಾರೆ. ಈ ಏಜೆಂಟ್ ಬೇಡ, ಅಷ್ಟೇ.

ಪ್ರಶ್ನೆ: ಅಷ್ಟು ಸಣ್ಣ ದೇಶದ ಒಂದು ದಿನಾರ್ ನಮ್ಮ 270 ರೂಪಾಯಿ ಹೆಂಗಾಗುತ್ತೆ ಸರ್? ಡಾಲರ್‌ಗಿಂತಾನೂ ದೊಡ್ಡದಂತೆ. (ಬಿಕಾಂ ವಿದ್ಯಾರ್ಥಿ, ಹಾಸನ)

ಉತ್ತರ: ಹೌದು, ಒಂದು ದಿನಾರಿಗೆ ಮೂರು ಡಾಲರ್‌ಗಿಂತ ಜಾಸ್ತಿ ಬರುತ್ತೆ. ಆದ್ರೆ ಒಂದು ನೋಟಿನ ಬೆಲೆ ನೋಡಿ ದೇಶದ ಶ್ರೀಮಂತಿಕೆ ಅಳೆಯೋಕೆ ಹೋಗ್ಬೇಡಪ್ಪ. ಜಪಾನಿನ ಒಂದು ಯೆನ್ ನಮ್ಮ ಒಂದು ರೂಪಾಯಿಗಿಂತ ಕಮ್ಮಿ, ಹಂಗಂತ ಜಪಾನ್ ಬಡ ದೇಶ ಆಗುತ್ತಾ.

ನಿಜವಾದ ಕಥೆ ಇರೋದು ನಮ್ಮ ರೂಪಾಯಿಯಲ್ಲೇ. 1961ರವರೆಗೂ ಕುವೈತ್‌ನಲ್ಲಿ ಓಡ್ತಿದ್ದಿದ್ದು ರೂಪಾಯಿನೇ! ಬ್ರಿಟಿಷರ ಕಾಲದಿಂದ ಆ ಕಡೆ ಸಮುದ್ರದ ವ್ಯಾಪಾರ ಎಲ್ಲ ಬಾಂಬೆ ಜೊತೆ, ಹಂಗಾಗಿ ನಮ್ಮ ನೋಟೇ ಅವರ ನೋಟು. ಸ್ವಾತಂತ್ರ್ಯ ಬಂದ್ಮೇಲೆ ಏನಾಯ್ತು ಅಂದ್ರೆ ಆ ರೂಪಾಯಿಯಲ್ಲಿ ಗಲ್ಫಲ್ಲಿ ಚಿನ್ನ ತಗೊಂಡು ಕಳ್ಳದಾರೀಲಿ ಇಲ್ಲಿಗೆ ತರೋದು ಜೋರಾಯ್ತು, ನಮ್ಮ ವಿದೇಶಿ ವಿನಿಮಯ ಸೋರಿ ಹೋಗ್ತಿತ್ತು. ಅದನ್ನ ತಡೆಯೋಕೆ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫಿಗೆ ಅಂತಾನೇ ಬೇರೆ ಬಣ್ಣದ ನೋಟು ತಂತು, ಗಲ್ಫ್ ರೂಪಾಯಿ ಅಂತ. 1961ರಲ್ಲಿ ಕುವೈತ್ ಸ್ವತಂತ್ರ ಆದಾಗ ಸ್ವಂತ ದಿನಾರ್ ಮಾಡ್ಕೊಂಡ್ರು, ಬ್ರಿಟನ್ನಿನ ಒಂದು ಪೌಂಡಿಗೆ ಸಮ ಅಂತ ಇಟ್ರು. ಆವತ್ತು ಒಂದು ದಿನಾರಿಗೆ ಕೊಟ್ಟಿದ್ದು 13 ರೂಪಾಯಿ ಚಿಲ್ಲರೆ. ಆಮೇಲೆ 1966ರಲ್ಲಿ ರೂಪಾಯಿ ಬೆಲೆ ಇಳಿಸಿದ್ರು, 1991ರಲ್ಲಿ ಮತ್ತೆ ಇಳಿಸಿದ್ರು, ನಡುವೆ ನಮ್ಮ ಹಣದುಬ್ಬರ ಬೇರೆ, ಪೌಂಡೂ ಬಿತ್ತು. ದಿನಾರ್ ಮಾತ್ರ ಎಣ್ಣೆ ಬಲದಿಂದ ಗಟ್ಟಿಯಾಗಿ ನಿಂತ್ಕೊಂತು, ಈಗ ಅದನ್ನ ಡಾಲರ್ ಜೊತೆ ಇನ್ನೂ ಕೆಲವು ಕರೆನ್ಸಿ ಸೇರಿಸಿದ ಒಂದು ಗುಂಪಿಗೆ ಕಟ್ಟಿ ಹಾಕಿದಾರೆ. 13ರಿಂದ 270ಕ್ಕೆ ಹೋಗಿದ್ರಲ್ಲಿ ಅವರು ಮೇಲೆ ಹೋಗಿದ್ದಕ್ಕಿಂತ ನಾವು ಕೆಳಗೆ ಇಳಿದಿದ್ದೇ ಜಾಸ್ತಿ, ಪರೀಕ್ಷೇಲಿ ಬಂದ್ರೆ ಹಂಗೇ ಬರಿ.

ಪ್ರಶ್ನೆ: ಎಣ್ಣೆ ಸಿಗೋಕೆ ಮುಂಚೆ ಆ ಜನ ಹೆಂಗೆ ಬದುಕ್ತಿದ್ರು? ಈಗ ಎಲ್ಲರೂ ಕೆಲ್ಸ ಮಾಡ್ದೇ ತಿಂತಾರಂತೆ ನಿಜಾನಾ? (ನಿವೃತ್ತ ಮೇಷ್ಟ್ರು, ಕಡೂರು)

ಉತ್ತರ: ಮೇಷ್ಟ್ರೇ, ಕೆಲ್ಸ ಮಾಡ್ದೇ ತಿಂತಾರೆ ಅನ್ನೋ ಮಾತು ಅವರ ಅಜ್ಜಂದಿರಿಗಂತೂ ಹೇಳೋ ಹಂಗೇ ಇಲ್ಲ. ಬೇಸಿಗೆ ಪೂರ್ತಿ ಸಮುದ್ರದಲ್ಲಿ ಮುತ್ತಿಗೋಸ್ಕರ ಮುಳುಗ್ತಿದ್ರು, ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲು ಕಟ್ಟಿ, ಉಸಿರು ಹಿಡಿದು. ಸೀಸನ್ ಶುರು ಆಗೋಕೆ ಮುಂಚೆ ದೋಣಿ ಯಜಮಾನನ ಹತ್ರ ಮುಂಗಡ ಸಾಲ, ಸೀಸನ್ ಮುಗಿದ್ರೂ ಸಾಲ ತೀರ್ತಿರ್ಲಿಲ್ಲ, ಅಪ್ಪ ಸತ್ರೆ ಮಗನ ತಲೆ ಮೇಲೆ. ಇನ್ನೊಂದು ಗುಂಪು ದೊಡ್ಡ ಹಾಯಿ ಹಡಗಲ್ಲಿ ಬಸ್ರಾ ಖರ್ಜೂರ ತುಂಬ್ಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರೋದು, ವಾಪಸ್ ಹೋಗುವಾಗ ಮಲಬಾರಿನ ಮರ, ಮಸಾಲೆ, ಹಗ್ಗ. ಅವರ ಹಡಗು ಕಟ್ತಿದ್ದಿದ್ದೇ ಮಲಬಾರ್ ತೇಗದಲ್ಲಿ. ಜಪಾನಿನವ್ರು ಕೃತಕವಾಗಿ ಮುತ್ತು ಬೆಳೆಯೋದು ಕಲಿತ ಮೇಲೆ 1930ರ ಹೊತ್ತಿಗೆ ಮುತ್ತಿನ ವ್ಯಾಪಾರ ಮಕಾಡೆ ಮಲಗ್ತು, ಊರಿಗೆ ಊರೇ ಬಡವಾಯ್ತು.

ಆ ಹೊತ್ತಲ್ಲೇ 1938ರಲ್ಲಿ ಬುರ್ಗಾನ್ ಅನ್ನೋ ಜಾಗದಲ್ಲಿ ಎಣ್ಣೆ ಸಿಕ್ತು. ಎರಡನೇ ಮಹಾಯುದ್ಧದಿಂದ ಕೆಲ್ಸ ನಿಂತು, 1946ರಲ್ಲಿ ಮೊದಲ ಹಡಗು ಹೊರಟಿದ್ದು. ಬುರ್ಗಾನ್ ಇವತ್ತಿಗೂ ಪ್ರಪಂಚದ ಅತಿ ದೊಡ್ಡ ಎಣ್ಣೆ ಕ್ಷೇತ್ರಗಳಲ್ಲಿ ಒಂದು. ಮೊದ್ಲು ಲಾಭ ಎಲ್ಲ ಬ್ರಿಟಿಷ್ ಮತ್ತು ಅಮೆರಿಕನ್ ಕಂಪ್ನಿಗಳ ಕೈಲಿತ್ತು, 1975ರ ಹೊತ್ತಿಗೆ ಸರ್ಕಾರ ಪೂರ್ತಿ ತನ್ನ ಕೈಗೆ ತಗೊಂತು.

ಇಲ್ಲಿಂದ ಮುಂದೆ ಅವರು ಮಾಡಿದ್ದನ್ನ ನಾನು ಮನಸಾರೆ ಮೆಚ್ತೀನಿ. ಸ್ವಾತಂತ್ರ್ಯಕ್ಕೂ ಮುಂಚೆ, 1953ರಲ್ಲೇ, ಎಣ್ಣೆ ಒಂದಿನ ಮುಗಿಯುತ್ತೆ ಅಂತ ಲೆಕ್ಕ ಹಾಕಿ ಲಂಡನ್ನಿನಲ್ಲಿ ಒಂದು ಹೂಡಿಕೆ ಮಂಡಳಿ ಶುರು ಮಾಡಿದ್ರು, ಈ ಥರ ಸರ್ಕಾರಿ ನಿಧಿಗಳಲ್ಲಿ ಪ್ರಪಂಚದಲ್ಲೇ ಹಳೇದು ಅಂತ ಹೇಳೋದು ಅದನ್ನೇ. 1976ರಲ್ಲಿ ಮುಂದಿನ ತಲೆಮಾರುಗಳ ನಿಧಿ ಅಂತ ಮಾಡಿ ಪ್ರತಿ ವರ್ಷ ಸರ್ಕಾರದ ಆದಾಯದಲ್ಲಿ ಶೇ. 10 ಅದಕ್ಕೆ ಹಾಕೋದು ಅಂತ ಕಾನೂನೇ ತಂದ್ರು. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಒಳಗೆ ನುಗ್ಗಿ ದೇಶಾನೇ ನುಂಗಿದಾಗ ಹೊರಗೆ ಓಡಿ ಬಂದ ಸರ್ಕಾರ ನಡೆದಿದ್ದು, ದಿಕ್ಕಾಪಾಲಾದ ಕುವೈತಿಗಳಿಗೆ ಊಟಕ್ಕೆ ದುಡ್ಡು ಸಿಕ್ಕಿದ್ದು, ಆಮೇಲೆ ದೇಶ ಮತ್ತೆ ಕಟ್ಟಿದ್ದು ಎಲ್ಲ ಬಹುಪಾಲು ಹೊರಗಿಟ್ಟಿದ್ದ ಈ ದುಡ್ಡಲ್ಲೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಕುವೈತಿ ಪ್ರಜೆಗೆ ಓದು, ಆಸ್ಪತ್ರೆ ಫ್ರೀ, ಮನೆ ಕಟ್ಟೋಕೆ ಸಾಲ, ಮದ್ವೆಗೆ ಸಹಾಯ, ಕರೆಂಟು ಪೆಟ್ರೋಲು ಅಗ್ಗ, ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಕೆಲ್ಸ ಮಾಡೋ ಕುವೈತಿಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಸರ್ಕಾರಿ ನೌಕರರು. ಎಣ್ಣೆ ದುಡ್ಡನ್ನ ಜನಕ್ಕೆ ಹಂಚೋ ದಾರಿನೇ ಅದು. ಹಂಗಾಗಿ ಬಜೆಟ್ಟಿನ ಬಹುಪಾಲು ಸಂಬಳ, ಸಬ್ಸಿಡಿಗೇ ಹೋಗುತ್ತೆ, ಸರ್ಕಾರದ ಆದಾಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಎಣ್ಣೇದೇ, 2014ರಲ್ಲಿ ಎಣ್ಣೆ ರೇಟು ಬಿದ್ದಾಗ ಬಜೆಟ್ಟು ಕೊರತೆಗೆ ಹೋಯ್ತು. ಇದನ್ನ ಕೆಲ್ಸ ಮಾಡ್ದೇ ತಿನ್ನೋದು ಅಂತ ಅನ್ನೋಕಾಗಲ್ಲ ಮೇಷ್ಟ್ರೇ, ಅಲ್ಲಿ ಆಸ್ಪತ್ರೇಲಿ, ಎಣ್ಣೆ ಕಂಪ್ನೀಲಿ ಚೆನ್ನಾಗಿ ದುಡಿಯೋ ಕುವೈತಿಗಳನ್ನ ನಾನೇ ನೋಡಿದೀನಿ.

ಆದ್ರೆ ಇದೆಲ್ಲ ಸಿಗೋದು ಪೌರತ್ವದ ಕಾಗದ ಇರೋರಿಗೆ ಮಾತ್ರ. ದೇಶದಲ್ಲಿರೋ ಸುಮಾರು 50 ಲಕ್ಷ ಜನರಲ್ಲಿ ಕುವೈತಿಗಳು ಮೂರರಲ್ಲಿ ಒಂದು ಭಾಗಾನೂ ಇಲ್ಲ. ಮಿಕ್ಕವ್ರು ಹೊರಗಿನವ್ರು, ಅದ್ರಲ್ಲಿ ದೊಡ್ಡ ಗುಂಪು ನಮ್ಮ ಭಾರತೀಯರೇ, 10 ಲಕ್ಷದ ಹತ್ರ. ಅಂಗಡಿ, ಕಟ್ಟಡ, ರಸ್ತೆ, ಆಸ್ಪತ್ರೆ ನರ್ಸು, ಮನೆ ಅಡುಗೆ ಎಲ್ಲ ಇವರ ಕೈಲೇ ನಡೆಯೋದು. 1959ರ ಪೌರತ್ವ ಕಾನೂನಲ್ಲಿ 1920ಕ್ಕೆ ಮುಂಚೆ ಬಂದು ನೆಲೆಸಿದವರ ಮನೆತನಗಳನ್ನ ಮೂಲ ಕುವೈತಿಗಳು ಅಂತ ಮಾಡಿದ್ರು. ಆಗ ಮರುಭೂಮೀಲಿ ಅಲೆದಾಡ್ಕೊಂಡಿದ್ದ ಎಷ್ಟೋ ಕುಟುಂಬಗಳು ಹೋಗಿ ಹೆಸರು ಬರೆಸ್ಲಿಲ್ಲ, ಅವರ ಮೊಮ್ಮಕ್ಕಳು ಇವತ್ತಿಗೂ ಯಾವ ದೇಶದವ್ರೂ ಅಲ್ಲ. ಬಿದೂನ್ ಅಂತ ಕರೀತಾರೆ, ಸುಮಾರು ಒಂದು ಲಕ್ಷ ಜನ. ಅಲ್ಲೇ ಹುಟ್ಟಿ ಅಲ್ಲೇ ಅರಬ್ಬಿ ಮಾತಾಡ್ತಾ ಅಲ್ಲೇ ಸಾಯೋ ಜನ ಅವರು, ಎಣ್ಣೆ ಸಂಪತ್ತಿನ ಆಚೆ ನಿಂತಿದಾರೆ. ನಂಗೆ ಅಲ್ಲಿ ತುಂಬಾ ಸಂಕಟ ಆಗಿದ್ದು ಇದೇ ವಿಷ್ಯಕ್ಕೆ.

ಪ್ರಶ್ನೆ: ನಾವು ಏಲಕ್ಕಿ ಬೆಳೆಯೋರು. ಅಪ್ಪನ ಕಾಲದಲ್ಲಿ ನಮ್ಮ ಏಲಕ್ಕಿ ಅರಬ್ ದೇಶಕ್ಕೆ ಹೋಗ್ತಿತ್ತು ಅಂತಾರೆ, ಈಗ ಯಾಕೆ ಕೇಳೋರಿಲ್ಲ? (ಓದುಗರು, ಮೂಡಿಗೆರೆ)

ಉತ್ತರ: ಅಪ್ಪಾವ್ರು ಹೇಳಿದ್ದು ಸರಿ. ಕುವೈತ್, ಸೌದಿ ಕಡೆ ಕಾಫಿ ಅಂದ್ರೆ ನಮ್ಮ ಫಿಲ್ಟರ್ ಕಾಫಿ ಥರ ಅಲ್ಲ, ಬೀಜ ಸ್ವಲ್ಪಾನೇ ಹುರಿದು, ಏಲಕ್ಕಿ ಜಜ್ಜಿ ಹಾಕಿ ಕುದಿಸಿ, ಹಾಲು ಸಕ್ಕರೆ ಇಲ್ದೇ ಸಣ್ಣ ಬಟ್ಟಲಲ್ಲಿ ಖರ್ಜೂರದ ಜೊತೆ ಕೊಡ್ತಾರೆ. ಸಂಜೆ ಗಂಡಸರು ಸೇರೋ ದಿವಾನಿಯಾ ಅಂತ ಇರುತ್ತೆ, ಮನೇಲೇ ಒಂದು ದೊಡ್ಡ ಹಾಲ್, ಅಲ್ಲಿ ಕೂತು ರಾಜಕೀಯದಿಂದ ಹಿಡಿದು ಹೆಣ್ಣು ಗಂಡಿನ ವಿಚಾರದವರೆಗೂ ಮಾತು, ಏಲಕ್ಕಿ ಕಾಫಿ ಬರ್ತಾನೇ ಇರುತ್ತೆ. ಕಾಫಿ ಬೀಜ ಅರಬ್ ಕಡೆಯಿಂದ ನಮ್ಮ ಬಾಬಾಬುಡನ್‌ಗಿರಿಗೆ ಬಂತು ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದೀವಿ, ಅವರ ಕಾಫಿಯ ಪರಿಮಳ ಮಾತ್ರ ನಮ್ಮ ಘಟ್ಟದಿಂದ ಹೋಗ್ತಿತ್ತು.

ಆ ಮಾರ್ಕೆಟ್ ನಮ್ಮ ಕೈ ತಪ್ಪಿದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಿಂದಾಗಿ. ಅಲ್ಲಿ ಏಲಕ್ಕಿ ಕುಡಿಯೋರು ತಿನ್ನೋರು ಕಮ್ಮಿ, ಬೆಳೆದಿದ್ದೆಲ್ಲ ರಫ್ತಿಗೇ, ಕೂಲಿ ಅಗ್ಗ, ಎಕರೆಗೆ ಇಳುವರಿ ಜಾಸ್ತಿ. 1980ರ ಹೊತ್ತಿಗೆ ಗಲ್ಫ್ ಮಾರ್ಕೆಟ್ ಅವರದ್ದಾಯ್ತು. ನಮ್ಮ ಕಡೆ ಕಟ್ಟೆ ರೋಗ ಬಂದು ಎಷ್ಟೋ ತೋಟ ಹಾಳಾಯ್ತು, ಜನ ಕಾಫಿಗೆ ಹೊರಳಿದ್ರು. ಇಷ್ಟಾದ್ರೂ ದಪ್ಪ ಕಾಯಿ, ಚೆನ್ನಾಗಿ ಒಣಗಿಸಿದ ಹಸಿರು ಬಣ್ಣ ಇದ್ರೆ ಅರಬ್ ವ್ಯಾಪಾರಿ ಇವತ್ತಿಗೂ ಭಾರತದ ಏಲಕ್ಕಿಗೆ ಜಾಸ್ತಿ ಬೆಲೆ ಕೊಡ್ತಾನೆ. ಬಣ್ಣ ಉಳಿಯೋದು ಒಣಗಿಸೋದ್ರಲ್ಲೇ ಇದೆ, ನಿಮ್ಮೂರಿನ ಸಂಶೋಧನಾ ಕೇಂದ್ರದಲ್ಲಿ ಒಂದ್ಸಲ ವಿಚಾರಿಸಿ.

ಪ್ರಶ್ನೆ: ಅಲ್ಲಿ ಹೆಂಗಸರು ಮನೆಯಿಂದ ಆಚೆ ಬರೋ ಹಂಗೇ ಇಲ್ವಂತೆ? (ಪಿಯುಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ಸುಳ್ಳು ಕಣಮ್ಮ. ಕುವೈತಿ ಹೆಂಗಸರು ಕಾರು ಓಡಿಸ್ತಾರೆ, ಯೂನಿವರ್ಸಿಟೀಲಿ ಹುಡುಗೀರೇ ಜಾಸ್ತಿ. ವೋಟು ಮಾತ್ರ ತಡವಾಗಿ ಬಂತು, 2005ರಲ್ಲಿ, 2009ರಲ್ಲಿ ನಾಲ್ಕು ಜನ ಹೆಂಗಸರು ಪಾರ್ಲಿಮೆಂಟಿಗೆ ಗೆದ್ದರು. ಆ ಪಾರ್ಲಿಮೆಂಟನ್ನ 2024ರ ಮೇ ತಿಂಗಳಲ್ಲಿ ದೇಶದ ದೊರೆ ಅಮೀರರು ವಿಸರ್ಜನೆ ಮಾಡಿ ಸಂವಿಧಾನದ ಕೆಲವು ವಿಧಿಗಳನ್ನ ನಾಲ್ಕು ವರ್ಷದವರೆಗೆ ಅಮಾನತು ಮಾಡಿದ್ರು, ಗಲ್ಫಲ್ಲಿ ಅಷ್ಟು ಗಟ್ಟಿಯಾಗಿ ಮಂತ್ರಿಗಳನ್ನ ಪ್ರಶ್ನೆ ಮಾಡ್ತಿದ್ದ ಸಭೆ ಇನ್ನೊಂದು ಇರ್ಲಿಲ್ಲ. ಇನ್ನೊಂದು ಅನ್ಯಾಯ ಏನಂದ್ರೆ ಕುವೈತಿ ಹೆಂಗಸು ಹೊರದೇಶದವನನ್ನ ಮದ್ವೆಯಾದ್ರೆ ಅವಳ ಮಕ್ಕಳಿಗೆ ತಾಯಿಯ ಪೌರತ್ವ ತಾನಾಗೇ ಬರಲ್ಲ, ಗಂಡಸಿಗೆ ಆ ತೊಂದ್ರೆ ಇಲ್ಲ.

ಪ್ರಶ್ನೆ: ನನ್ನ ತಮ್ಮ ಕುವೈತಿನ ಮಂಗಾಫ್‌ನಲ್ಲಿ ಇದಾನೆ. ಬೆಂಕಿ ದುರಂತ ಆದಾಗಿಂದ ಅಮ್ಮನಿಗೆ ನಿದ್ದೆ ಇಲ್ಲ. ಅಲ್ಲಿನ ರೂಮುಗಳೆಲ್ಲ ಹಂಗೇನಾ? ಬೇಸಿಗೇಲಿ ಹೊರಗೆ ಕೆಲ್ಸ ಮಾಡಿಸ್ತಾರಾ? (ಓದುಗರು, ಸಕಲೇಶಪುರ)

ಉತ್ತರ: 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಜನ ತೀರಿಕೊಂಡ್ರು, 45 ಜನ ಭಾರತೀಯರ ದೇಹ ವಾಯುಪಡೆ ವಿಮಾನದಲ್ಲಿ ಕೊಚ್ಚಿಗೆ ಬಂತು. ಹೆಚ್ಚಿನವ್ರು ಸತ್ತಿದ್ದು ಮಲಗಿದ್ದಲ್ಲೇ ಹೊಗೆ ಕುಡಿದು. ನಿಮ್ಮ ಅಮ್ಮನ ಭಯ ನಂಗೆ ಅರ್ಥ ಆಗುತ್ತೆ. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗ್ಬೇಕು ಅಂದ್ರೆ 800 ದಿನಾರ್ ಸಂಬಳ ಇರ್ಬೇಕು ಅಂತ ರೂಲ್ ಮಾಡಿದಾರೆ, ಹಂಗಾಗಿ ಮಾಮೂಲಿ ಕೆಲಸಗಾರರೆಲ್ಲ ಒಂಟಿಯಾಗೇ ಇರ್ಬೇಕು. ಜಲೀಬ್, ಫರ್ವಾನಿಯಾ, ಮಂಗಾಫ್ ಇಲ್ಲೆಲ್ಲ ಬಾಡಿಗೆ ಉಳಿಸೋಕೆ ಒಂದೊಂದು ರೂಮಿಗೆ ಆರು ಎಂಟು ಜನರನ್ನ ತುಂಬ್ತಾರೆ. ಆ ದುರಂತದ ಮೇಲೆ ತಪಾಸಣೆ ಮಾಡಿದ್ರು, ಕೆಲವು ಕಟ್ಟಡ ಖಾಲಿ ಮಾಡಿಸಿದ್ರು. ತಮ್ಮನಿಗೆ ಫೋನ್ ಮಾಡಿ ಇಷ್ಟು ಕೇಳಿ: ಮೆಟ್ಟಿಲ ಹತ್ರ ಗ್ಯಾಸ್ ಸಿಲಿಂಡರ್ ಇಟ್ಟಿದಾರಾ, ಟೆರೇಸಿನ ಬಾಗಿಲಿಗೆ ಬೀಗ ಹಾಕ್ತಾರಾ, ರೂಮ್ ಒಳಗೆ ಪ್ಲೈವುಡ್ ಅಡ್ಡಗೋಡೆ ಇದ್ಯಾ. ಇದ್ರೆ ರೂಮು ಬದಲಾಯಿಸೋಕೆ ಹೇಳಿ, ಐದು ಹತ್ತು ದಿನಾರ್ ಜಾಸ್ತಿ ಆದ್ರೂ ಪರವಾಗಿಲ್ಲ.

ಬಿಸಿಲಿನ ವಿಷ್ಯಕ್ಕೆ ಬಂದ್ರೆ, ಮಿತ್ರಿಬಾ ಅನ್ನೋ ಜಾಗದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಗಿತ್ತು, ಸಕಲೇಶಪುರದ ಮಳೇಲಿ ಬೆಳೆದವರಿಗೆ ಅದು ಹೆಂಗಿರುತ್ತೆ ಅಂತ ಹೇಳೋದೇ ಕಷ್ಟ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಲ್ಲಿ ಕೆಲ್ಸ ಮಾಡಿಸೋ ಹಂಗಿಲ್ಲ. ಮಾಡಿಸಿದ್ರೆ ದೂರು ಕೊಡ್ಬೋದು, ಫೋಟೋ ಇಟ್ಕೊಳೋಕೆ ಹೇಳಿ.

ಪ್ರಶ್ನೆ: ಯುದ್ಧ ಗಿದ್ಧ ಆದ್ರೆ ನಮ್ಮೋರು ವಾಪಸ್ ಬರೋದು ಹೆಂಗೆ? (ಓದುಗರು, ಅರಸೀಕೆರೆ)

ಉತ್ತರ: 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಏರ್ ಇಂಡಿಯಾ ಜೋರ್ಡಾನಿನ ಅಮ್ಮಾನಿಂದ ಎರಡು ತಿಂಗಳಲ್ಲಿ 1,70,000ಕ್ಕೂ ಹೆಚ್ಚು ಜನರನ್ನ ಕರ್ಕೊಂಡು ಬಂತು. ಅವರೆಲ್ಲ ಬಸ್ಸಲ್ಲಿ, ಲಾರೀಲಿ ಮರುಭೂಮಿ ದಾಟಿ ಇರಾಕ್ ಮೂಲಕ ಅಮ್ಮಾನ್ ಸೇರಿದವ್ರು, ದುಡಿದಿದ್ದೆಲ್ಲ ಬಿಟ್ಟು ಬಂದವ್ರು. ಪಾಸ್‌ಪೋರ್ಟ್ ಕೈಲಿಲ್ದೇ ಇದ್ದೋರಿಗೆ ತುಂಬಾ ಕಷ್ಟ ಆಯ್ತು. ಅದಕ್ಕೇ ಹೇಳೋದು, ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ ಇರ್ಬಾರ್ದು, ನಮ್ಮವರ ಹತ್ರಾನೇ ಇರ್ಬೇಕು, ಕಿತ್ತಿಟ್ಕೊಳೋದು ಅಲ್ಲಿನ ಕಾನೂನಿಗೇ ವಿರುದ್ಧ. ಹೋದ ತಕ್ಷಣ ನಮ್ಮ ರಾಯಭಾರ ಕಚೇರೀಲಿ ಹೆಸರು, ಫೋನ್ ನಂಬರ್ ರಿಜಿಸ್ಟರ್ ಮಾಡಿಸ್ಬೇಕು.

ಪ್ರಶ್ನೆ: ಯಜಮಾನ್ರು ಕುವೈತಿಂದ ಪರಿಚಯದವ್ರ ಕೈಲಿ ದುಡ್ಡು ಕಳಿಸ್ತಾರೆ, ರೇಟು ಜಾಸ್ತಿ ಸಿಗುತ್ತೆ ಅಂತ. ತೊಂದ್ರೆ ಇದ್ಯಾ? (ಓದುಗರು, ಆಲೂರು)

ಉತ್ತರ: ಇದೆಯಮ್ಮ, ಅದು ಹವಾಲಾ, ಎರಡೂ ದೇಶದಲ್ಲಿ ಅಪರಾಧ. ನಡುವೆ ಒಬ್ಬ ಕೈ ಎತ್ತಿದ್ರೆ ನೀವು ಪೊಲೀಸ್ ಹತ್ರಾನೂ ಹೋಗೋಕಾಗಲ್ಲ. ಯಜಮಾನ್ರ ಸಂಬಳ ಅಲ್ಲಿನ ಬ್ಯಾಂಕ್ ಅಕೌಂಟಿಗೇ ಬರ್ಲಿ, ಅದು ಸಂಬಳ ಕೊಟ್ರೋ ಇಲ್ವೋ ಅನ್ನೋದಕ್ಕೂ ಸಾಕ್ಷಿ ಆಗುತ್ತೆ, ಅಲ್ಲಿಂದ ದುಡ್ಡು ಕಳಿಸೋ ಎಕ್ಸ್‌ಚೇಂಜ್ ಕಂಪ್ನಿ ಮೂಲಕ ಇಲ್ಲಿ ಅವರ ಹೆಸರಲ್ಲಿ ಎನ್‌ಆರ್‌ಇ ಅಕೌಂಟ್, ಅಂದ್ರೆ ಹೊರದೇಶದಲ್ಲಿರೋ ಭಾರತೀಯರಿಗೆ ಅಂತ ಇರೋ ಬ್ಯಾಂಕ್ ಖಾತೆ, ಮಾಡಿಸಿ ಅದಕ್ಕೆ ಕಳಿಸ್ಲಿ, ಆ ಬಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ. ಕಳಿಸಿದ ರಸೀದಿಗಳನ್ನೆಲ್ಲ ಒಂದು ಫೈಲಲ್ಲಿ ಇಡಿ, ಮುಂದೆ ಜಾಗ ತಗೊಳ್ಳುವಾಗ ದುಡ್ಡು ಎಲ್ಲಿಂದ ಬಂತು ಅಂತ ಕೇಳ್ತಾರೆ.